ದಾಂಪತ್ಯ ಸಲಹಾ ಬರಹ ಮತ್ತು ಗಂಡು ಓದುಗ

ಕಾಮ ಮತ್ತು ದಾಂಪತ್ಯಗಳನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಸಲಹೆಗಳನ್ನು ಗಂಡಸರು, ಅದರಲ್ಲಿಯೂ ಹೆಣ್ಣನ್ನೇ ಬಯಸುವ ಸಾಮಾನ್ಯ ಗೃಹಸ್ಥರು, ಓದುವರೇ? ಪ್ರಶ್ನೆ ಮೇಲುನೋಟಕ್ಕೆ ಹಗುರವಾದುದು. ಅದು ಹೆಂಗಸರ ಪುಟ, ಗಂಡಸರು ಓದುವುದಿಲ್ಲ ಎಂಬ ಉತ್ತರವೂ ಸಿದ್ಧವಾಗಿದೆ. ಆ ಉತ್ತರವು ಪರೀಕ್ಷೆಗೆ ನಿಲ್ಲದೆಂದು ನಾವು ಭಾವಿಸುತ್ತೇವೆ.

ನಮ್ಮ ಸಾಹಿತ್ಯದಲ್ಲಿ ಈ ವಿಷಯವು ಬಹುಕಾಲದಿಂದ ಎರಡು ಕವಲಾಗಿ ಹರಿದಿದೆ. ಹನ್ನೊಂದನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ — ಇವು ನಾಯಕನ ದೃಷ್ಟಿ ಪ್ರಧಾನವಾದ ಕಾಮಶಾಸ್ತ್ರ ಪರಂಪರೆಗೆ ಸೇರಿದವು. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವಾದರೋ ಪತ್ನಿಯ ನಡತೆಯನ್ನು ಬೋಧಿಸುವ ಕೃತಿ. ಸುಖದ ಶಾಸ್ತ್ರ ಗಂಡಿಗೆ, ಬಾಳುವೆಯ ನೀತಿ ಹೆಣ್ಣಿಗೆ ಎಂಬ ಹಂಚಿಕೆ ಹೀಗೆ ರೂಢಿಯಾಯಿತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನರು (೧೯೩೪–೧೯೯೧) ಈ ವಿಷಯವನ್ನು ತಿಳಿಗನ್ನಡಕ್ಕೆ ತಂದರು. ಆದರೆ ‘ವಧುವಿಗೆ ಕಿವಿಮಾತು’ ಎಂಬ ಹೆಸರಿನಲ್ಲಿ ಕರೆ ವಧುವಿಗೆ ಮಾತ್ರ. ‘ದಾಂಪತ್ಯ ದೀಪಿಕೆ’ ಎಂಬ ಹೆಸರಿನಲ್ಲಿ ಇಬ್ಬರಿಗೂ ಎಡೆಯಿದೆ. ಈ ಅಂತರ ಚಿಕ್ಕದಲ್ಲ.

ಗಂಡಸು ಓದುತ್ತಾನೆ, ಓದಿದೆನೆಂದು ಹೇಳುವುದಿಲ್ಲ. ‘ಪ್ರಜಾಮತ’ದಲ್ಲಿ ಬರುತ್ತಿದ್ದ ಅಂಕಣದ ಹೆಸರೇ ‘ಗುಪ್ತ ಸಮಾಲೋಚನೆ’. ಮುಂಬಯಿಯಲ್ಲಿ ಡಾ. ಮಹಿಂದರ್ ವತ್ಸಾ ಅವರು ೨೦೦೫ರಿಂದ ಬರೆದ ದಿನಪತ್ರಿಕೆಯ ಅಂಕಣಕ್ಕೆ ಗಂಡಸರ ಪ್ರಶ್ನೆಗಳಿಗೆ ಬರವಿರಲಿಲ್ಲ. ಗುಟ್ಟಿಗೆ ಕಾರಣವೂ ಉಂಟು. ಮರಾಠಿಯ ‘ಸಮಾಜಸ್ವಾಸ್ಥ್ಯ’ದಲ್ಲಿ ಓದುಗರಿಗೆ ಕೊಟ್ಟ ಉತ್ತರಗಳಿಗಾಗಿ ೧೯೩೪ರಲ್ಲಿ ರ. ಧೋಂ. ಕರ್ವೆಯವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಉತ್ತರಿಸಿದವನಿಗೇ ದಂಡ ಬೀಳುವಲ್ಲಿ, ಕೇಳಿದವನು ಹೆಸರು ಮರೆಸಿಕೊಂಡರೆ ಸೋಜಿಗವೇನು?

ಬಳ್ಳಾರಿಯ ಕೌಲ್ ಬಜಾರಿನಂತಹ ಪೇಟೆಯನ್ನೇ ನೋಡೋಣ. ಕನ್ನಡ, ತೆಲುಗು, ಉರ್ದು ಮೂರೂ ನುಡಿಗಳು ಕಲೆತ ಇಂಥ ಬೀದಿಗಳಲ್ಲಿ ಕ್ಷೌರದಂಗಡಿಯೇ ಗಂಡಸರ ವಾಚನಾಲಯ. ಅಲ್ಲಿ ಸರದಿಗಾಗಿ ಕಾದು ಕುಳಿತವನು ಅಂಥ ಪುಟವನ್ನು ಸಿನಿಮಾ ಪುಟದ ಮರೆಯಲ್ಲಿಟ್ಟು ಓದುವುದುಂಟು. ನಮ್ಮ ಊರುಗಳ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತುಗಳು ಯಾರನ್ನು ಕರೆಯುತ್ತವೆಂಬುದೂ ತಿಳಿದದ್ದೇ. ಧಾತುನಷ್ಟದ ಭಯವನ್ನು ಮನೋವೈದ್ಯ ಎನ್. ಎನ್. ವಿಗ್ ಅವರು ೧೯೬೦ರಲ್ಲಿಯೇ ಒಂದು ಮನೋವ್ಯಥೆಯೆಂದು ಗುರುತಿಸಿದರು. ಆ ಭಯಕ್ಕೆ ಬಲ್ಲವರ ಬರಹ ಉತ್ತರ ಕೊಡದಿದ್ದರೆ ಗೋಡೆಬರಹ ಕೊಡುತ್ತದೆ. ಅದರ ಬೆಲೆಯನ್ನು ಬಡವನ ಸಂಸಾರ ತೆರುತ್ತದೆ.

ಆದರೆ ಓದುವುದೊಂದೇ ಸಾಲದು. ಗಂಡಸಿನ ಪ್ರಶ್ನೆ ಬಹುಮಟ್ಟಿಗೆ ತನ್ನ ದೇಹದ ಸುತ್ತಲೇ ಸುಳಿಯುತ್ತದೆ. ಹೆಂಡತಿಯ ಮನಸ್ಸಿನವರೆಗೆ ಹೋಗುವುದು ಅಪರೂಪ. ‘ನನಗೇನಾಗಿದೆ’ ಎಂದು ಕೇಳಿದವನನ್ನು ‘ಅವಳಿಗೇನು ಬೇಕು’ ಎಂಬಲ್ಲಿಗೆ ಕರೆತರುವ ಉತ್ತರವೇ ಉತ್ತಮವಾದುದು. ದೇಹದ ಭಯವನ್ನು ಕಳೆದು ಅಲ್ಲಿಗೇ ನಿಂತ ಉತ್ತರ ಅರ್ಧ ಕೆಲಸ ಮಾಡಿದಂತೆ. ಬರಿಯ ಕುತೂಹಲವನ್ನು ಕೆರಳಿಸುವುದು ಆ ಅರ್ಧವನ್ನೂ ಕೆಡಿಸುತ್ತದೆ.

ಆದುದರಿಂದ, ಗಂಡಸರು ಓದುವರೇ ಎಂಬುದಕ್ಕಿಂತ, ನಮ್ಮ ಬರಹಗಾರರು ಅವರನ್ನು ಗಂಡಂದಿರೆಂದು ತಿಳಿದು ಮಾತಾಡಿಸಿದ್ದಾರೆಯೇ ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ. ವಧುವಿಗೆ ಹೇಳಿದ ಕಿವಿಮಾತು ವರನ ಕಿವಿಗೂ ಬೀಳಬೇಕಾಗಿದೆ.