ನಡುವಿನ ಬೂದಿ ಬಣ್ಣ

ನಮ್ಮ ಕಡೆಯ ಯಕ್ಷಗಾನ ಪೋಸ್ಟರ್‌ಗಳ ಬಗ್ಗೆ ನನ್ನದೊಂದು ತಕರಾರಿದೆ. ಆಟದ ಬಗ್ಗೆ ಅಲ್ಲ, ಕಲಾವಿದರ ಬಗ್ಗೆಯಂತೂ ಅಲ್ವೇ ಅಲ್ಲ. ಅವರ ಬೆನ್ನ ಹಿಂದೆ ಹರಡಿಕೊಂಡಿರುವ ಗ್ರೇಡಿಯೆಂಟ್ ಬಗ್ಗೆ.

ಮಳೆಗಾಲ ಮುಗಿದು ಆಟಗಳು ಶುರುವಾದ ಮೇಲೆ ಭಟ್ಕಳದ ಬೆಳಕೆ ಕಡೆಯಿಂದ ಹೊನ್ನಾವರ ದಾಟಿ ಕುಮಟೆವರೆಗೆ ಒಮ್ಮೆ ಹೋಗಿ ನೋಡಿ. ಸರ್ಕಲ್ಲಿಗೊಂದು ಫ್ಲೆಕ್ಸ್. ಮೇಲೆ ಹಳದಿ, ಕೆಳಗೆ ನೀಲಿ. ಇಲ್ಲಾಂದ್ರೆ ಮೇಲೆ ಕೆಂಪು, ಕೆಳಗೆ ಹಸಿರು. ಬೆಂಗಳೂರಲ್ಲಿ ಕೂತ ನಮಗೆ ಅದೇ ಚಿತ್ರ ವಾಟ್ಸಾಪ್‌ನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಅದು ಕುಗ್ಗಿ, ನುಣುಪಾಗಿದ್ದ ಬಣ್ಣ ಪಟ್ಟೆಪಟ್ಟೆಯಾಗಿರುತ್ತದೆ.

ಪಟ್ಟೆಯಾದ್ರೂ ಸಹಿಸಬಹುದು. ನಡುವಿನ ಬಣ್ಣ ನೋಡಿ. ಫೋಟೋಶಾಪ್‌ನಲ್ಲಿ ನಾವು ಆರಿಸುವುದು ಎರಡು ತುದಿಯ ಬಣ್ಣ ಮಾತ್ರ. ಮಧ್ಯದ್ದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬುತ್ತದೆ. ಅದರ ಹಳೆಯ ಲೆಕ್ಕ ಬರೀ ಸರಾಸರಿ. ಹಳದಿ ಅಂದ್ರೆ ಕೆಂಪು 255, ಹಸಿರು 255, ನೀಲಿ 0. ನೀಲಿ ಅಂದ್ರೆ 0, 0, 255. ಎರಡರ ಸರಾಸರಿ ಮೂರರಲ್ಲೂ 128ರ ಆಸುಪಾಸು, ಅಂದ್ರೆ ಪಕ್ಕಾ ಬೂದಿ. ಕೆಂಪು-ಹಸಿರಿನ ನಡುವೆ ಬರುವುದು 128, 128, 0. ಸಗಣಿ ಸಾರಿಸಿದ ಅಂಗಳದ ಬಣ್ಣ!

ಈ ಬೂದಿಯ ಮೇಲೆ ಯಾರ ಹೆಸರು ಕೂರುತ್ತದೆ? ಮೇಲ್ಗಡೆ ಮುಖ್ಯ ವೇಷದವರ ದೊಡ್ಡ ಫೋಟೋ. ಕೆಳಗೆ ದಿನಾಂಕ, ಸ್ಥಳ, ಟಿಕೆಟ್ ದರ. ನಡುವೆ ಉಳಿದವರು: ಮದ್ದಳೆ, ಚಂಡೆ, ಸ್ತ್ರೀವೇಷ, ಹಾಸ್ಯ. ಬಿಳಿ ಅಕ್ಷರ ಹಾಕಿದರೆ ಹಳದಿಯ ಕಡೆ ಕಾಣೋದಿಲ್ಲ, ಕಪ್ಪು ಹಾಕಿದರೆ ನೀಲಿಯ ಕಡೆ ಮುಳುಗುತ್ತದೆ. ಅದಕ್ಕೊಂದು ಔಟ್‌ಲೈನ್, ಔಟ್‌ಲೈನಿಗೊಂದು ನೆರಳು. ರಾತ್ರಿಯಿಡೀ ಮದ್ದಳೆ ನುಡಿಸುವವರ ಹೆಸರು ಕೊನೆಗೆ ಊದಿಕೊಂಡ ಗೀರಿನ ಹಾಗೆ ಕಾಣುತ್ತದೆ.

ನಮ್ಮದು ಇಂಥ ಪೋಸ್ಟರ್‌ಗೆ ತೃಪ್ತಿಪಡಬೇಕಾದ ಊರಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಹೊನ್ನಾವರ ತಾಲೂಕಿನಲ್ಲಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಅಲ್ಲಿಯವರೇ. ಆ ವೇಷವನ್ನೇ ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಕಸೆ ಸೀರೆಯ ಚೌಕಳಿ, ಮುಂಡಾಸಿಗೆ ಬಿಗಿದ ಜರಿಪಟ್ಟಿ, ಕಣ್ಣಿನ ಸುತ್ತ ಕಾಡಿಗೆ. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ದೂರದಲ್ಲಿ ಚಾಪೆ ಮೇಲೆ ಕೂತವರಿಗೂ ಗೊತ್ತಾಗುತ್ತದೆ. ದೀಪದ, ದೊಂದಿಯ ಬೆಳಕಲ್ಲೂ ಕಾಣಬೇಕು ಅಂತ ಕಟ್ಟಿದ ವೇಷ ಅದು. ಅಂಚೇ ಅದರ ಜೀವ. ಅದನ್ನು ತಂದು ಅಂಚೇ ಇಲ್ಲದ ಬಣ್ಣದ ಮೇಲೆ ಅಂಟಿಸುತ್ತೇವೆ.

ಹಾಗಂತ ಗ್ರೇಡಿಯೆಂಟೇ ಬೇಡ ಅನ್ನುತ್ತಿಲ್ಲ. ಕಾಸರಕೋಡ ಕಡಲತೀರದಲ್ಲಿ ಸಂಜೆ ನಿಂತರೆ ಆಕಾಶವೇ ಗ್ರೇಡಿಯೆಂಟ್. ಕೆಳಗೆ ಕಿತ್ತಳೆ, ಮೇಲೆ ನೀಲಿ. ಮೋಡವಿಲ್ಲದ ದಿನ ನಡುವಿನ ಭಾಗ ನೋಡಿ, ತಿಳಿಹಳದಿಯಾಗಿ, ಹಾಲು ಬೆರೆಸಿದಂತೆ ಬೆಳಗುತ್ತಿರುತ್ತದೆ. ಅಲ್ಲಿ ಬೂದಿ ಇಲ್ಲ. ನಮ್ಮ ಪೋಸ್ಟರಿನಲ್ಲಿ ಆ ನಡುವಿನ ಬಣ್ಣವನ್ನು ಯಾರೂ ಆರಿಸಿಲ್ಲ, ಅದೇ ತೊಂದರೆ.

ಆರಿಸೋದು ಕಷ್ಟವೂ ಅಲ್ಲ. ಬಣ್ಣದ ಪಟ್ಟಿಯ ಮಧ್ಯದಲ್ಲೊಂದು ಕ್ಲಿಕ್ ಮಾಡಿದರೆ ಮೂರನೇ ಸ್ಟಾಪ್ ಬರುತ್ತದೆ. ಅದಕ್ಕೆ ತಿಳಿಯಾದೊಂದು ಬಣ್ಣ ಕೊಟ್ಟರೆ ಬೂದಿ ಹೋಯಿತು. ಪುಕ್ಕಟೆ ಸಿಗುವ ಜಿಂಪ್‌ನಲ್ಲೂ ಗ್ರೇಡಿಯೆಂಟ್ ಎಡಿಟರ್ ಇದೆ. ಪಟ್ಟಿಯ ಕೆಳಗಿನ ಬಿಳಿ ತ್ರಿಕೋನ ಎಳೆದರೆ ಮಧ್ಯಬಿಂದುವೇ ಸರಿಯುತ್ತದೆ. ಫೋಟೋಶಾಪ್ 2021ರಲ್ಲಿ ‘ಪರ್ಸೆಪ್ಚುಯಲ್’ ಅನ್ನೋ ಆಯ್ಕೆ ತಂದಿತು. ಅದು ಕಣ್ಣಿಗೆ ಕಾಣುವ ರೀತಿಯಲ್ಲಿ ಬಣ್ಣ ಬೆರೆಸುವುದರಿಂದ ನಡುಭಾಗ ಅಷ್ಟು ಮಂಕಾಗುವುದಿಲ್ಲ. ಇದ್ಯಾವುದೂ ಬೇಡ ಅಂದ್ರೆ ಹೆಸರುಗಳ ಕೆಳಗೆ ಒಂದೇ ಬಣ್ಣದ ಪಟ್ಟಿ ಹಾಕಿ. ಅರ್ಧ ನಿಮಿಷದ ಕೆಲಸ.

ಡಿಟಿಪಿ ಅಂಗಡಿಯ ಹುಡುಗನನ್ನೇ ದೂರಿ ಪ್ರಯೋಜನವಿಲ್ಲ. ಅವನ ಮುಂದೆ ಒಂದೇ ಸಂಜೆಗೆ ಹತ್ತು ಪೋಸ್ಟರ್ ಇರುತ್ತವೆ, ಹಿಂದೆ ನಿಂತವರು ‘ಖಾಲಿ ಬಿಡಬೇಡ ಮಾರಾಯ, ಏನಾದ್ರೂ ಹಾಕು’ ಅನ್ನುತ್ತಿರುತ್ತಾರೆ. ಅವನು ಹಾಕುತ್ತಾನೆ. ದುಡ್ಡು ಕೊಟ್ಟು ಹೇಳುವವರು ನಾವು. ಆಫೀಸಿನ ಪ್ರೆಸೆಂಟೇಶನ್ನಲ್ಲಿ ಒಂದು ಪಿಕ್ಸೆಲ್ ಆಚೀಚೆ ಆದರೆ ಒದ್ದಾಡುವವರೂ ನಾವೇ. ಊರಿನ ಆಟಕ್ಕೆ ಚಂದಾ ಕಳಿಸಿದಷ್ಟಕ್ಕೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡರೆ ಹೇಗೆ?

ಮುಂದಿನ ಸಲ ಪೋಸ್ಟರಿನ ಪ್ರೂಫ್ ನಿಮ್ಮ ಮೊಬೈಲಿಗೆ ಬಂದರೆ ಹೆಬ್ಬೆರಳು ಎತ್ತಿ ‘ಸೂಪರ್’ ಅಂತ ಕಳಿಸುವ ಮೊದಲು ಮದ್ದಳೆಯವರ ಹೆಸರು ಹುಡುಕಿ ಓದಿ. ಹಿಗ್ಗಿಸದೆ ಓದಲಾಗದಿದ್ದರೆ ವಾಪಸ್ ಕಳಿಸಿ.