ಸಂಗ್ರಾಹಕರ ಹೆಸರು, ಹಾಡಿದವರ ಹೆಸರು: ಹಲಸಂಗಿಯ ಗೆಳೆಯರನ್ನು ಕುರಿತು

ಉತ್ತರ ಕರ್ನಾಟಕದ ನವೋದಯ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಎರಡು ಗೆಳೆತನಗಳನ್ನು ತಪ್ಪದೆ ಪ್ರಸ್ತಾಪಿಸುತ್ತಾರೆ. ಒಂದು, ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು; ಇನ್ನೊಂದು, ವಿಜಯಪುರ ಜಿಲ್ಲೆಯ ಹಲಸಂಗಿ ಗ್ರಾಮದ ಗೆಳೆಯರ ಬಳಗ. ಮೊದಲನೆಯದರ ಮೇಲೆ ಬಿದ್ದಷ್ಟು ಬೆಳಕು ಎರಡನೆಯದರ ಮೇಲೆ ಬಿದ್ದಿಲ್ಲ. ಬಿದ್ದ ಬೆಳಕೂ ಬಹುಮಟ್ಟಿಗೆ ಸ್ತುತಿಯ ರೂಪದ್ದು. ಹಲಸಂಗಿಯ ಗೆಳೆಯರ ಹೆಸರಿನಲ್ಲಿ ಇಂದು ಒಂದು ಪ್ರತಿಷ್ಠಾನವಿದೆ. 1931ರಲ್ಲಿ ಪ್ರಕಟವಾದ ಅವರ ‘ಗರತಿಯ ಹಾಡು’ ಸಂಕಲನಕ್ಕೆ ನೂರು ವರ್ಷ ತುಂಬುವ ದಿನಗಳೂ ದೂರವಿಲ್ಲ. ಉತ್ಸವದ ಭಾಷಣಗಳು ಸಿದ್ಧವಾಗುವ ಮುನ್ನ ಒಂದು ಪ್ರಶ್ನೆಯನ್ನು ಎತ್ತುವುದು ಉಚಿತವೆಂದು ನಮಗೆ ತೋರುತ್ತದೆ.

ಬಳಗದ ಮುಖ್ಯರು ಮಧುರಚೆನ್ನ (ಚೆನ್ನಮಲ್ಲಪ್ಪ ಗಲಗಲಿ, 1903–1953), ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬ. ಯಾವ ವಿಶ್ವವಿದ್ಯಾನಿಲಯದ ಆಸರೆಯೂ ಇಲ್ಲದೆ, ಮುಂಬಯಿ ಪ್ರಾಂತದ ಅಂಚಿನ ಒಂದು ಹಳ್ಳಿಯಲ್ಲಿ ಕುಳಿತು ಇವರು ಮಾಡಿದ ಕೆಲಸ ಸಣ್ಣದಲ್ಲ. ಮುಲ್ಕಿ ಪರೀಕ್ಷೆಯವರೆಗೆ ಓದಿದ ಮಧುರಚೆನ್ನರು ‘ನನ್ನ ನಲ್ಲ’ದಂಥ ಅನುಭಾವ ಕಾವ್ಯವನ್ನು ಬರೆದರು, ಅರವಿಂದರ ದರ್ಶನವನ್ನು ಒಳಗೆ ತಂದುಕೊಂಡರು. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಲಿಂಗಣ್ಣನವರು ಜಾನಪದವನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡರು. ‘ಗರತಿಯ ಹಾಡು’ ಆದ ಮೇಲೆ ಲಾವಣಿಗಳ ಸಂಕಲನ ‘ಜೀವನ ಸಂಗೀತ’ (1933), ಆಮೇಲೆ ‘ಮಲ್ಲಿಗೆ ದಂಡೆ’ ಬಂದವು. ಜಾನಪದವು ನಮ್ಮಲ್ಲಿ ಅಧ್ಯಯನದ ಶಿಸ್ತಾಗಿ ರೂಪುಗೊಳ್ಳಲು ಇನ್ನೂ ದಶಕಗಳಿದ್ದಾಗ ನಡೆದ ಕೆಲಸವಿದು.

ಬಳಗದ ದೊಡ್ಡ ಗುಣವೆಂದರೆ ತಮ್ಮತಮ್ಮ ಹೆಸರುಗಳನ್ನು ‘ಹಲಸಂಗಿಯ ಗೆಳೆಯರು’ ಎಂಬ ಒಂದೇ ಹೆಸರಿನ ಹಿಂದೆ ಸರಿಸಿದ್ದು. ವಿಮರ್ಶಕರು ಇದನ್ನು ನಿರಹಂಕಾರವೆಂದು ಮೆಚ್ಚಿದ್ದಾರೆ, ಮೆಚ್ಚಬೇಕಾದದ್ದೇ. ಆದರೆ ಈ ಸಂಕಲನದಲ್ಲಿ ಇನ್ನೊಂದು ಹೆಸರಿಲ್ಲದಿರುವಿಕೆಯಿದೆ. ತವರು, ತಾಯಿ, ಕೂಸು, ಒಡಹುಟ್ಟಿದವರು ಎಂದು ತ್ರಿಪದಿಗಳನ್ನು ವಿಷಯಾನುಸಾರ ಜೋಡಿಸಲಾಗಿದೆ. ಒಂದೊಂದು ತ್ರಿಪದಿಯನ್ನು ಹಾಡಿದವಳು ಯಾರು, ಯಾವ ಮನೆಯವಳು, ಬೀಸುವಾಗ ಹಾಡಿದಳೋ ತೊಟ್ಟಿಲು ತೂಗುವಾಗಲೋ ಎಂಬುದು ನಮಗೆ ಸಿಕ್ಕುವುದಿಲ್ಲ. ಸಂಗ್ರಾಹಕರು ಹೆಸರನ್ನು ಬಿಟ್ಟುಕೊಟ್ಟದ್ದು ಇಚ್ಛೆಯಿಂದ. ಹಾಡಿದವರಿಗೆ ಅಂಥ ಆಯ್ಕೆಯೇ ಒದಗಲಿಲ್ಲ. ಸಂಗ್ರಾಹಕರ ಹೆಸರುಗಳಂತೂ ಕಾಲಕ್ರಮದಲ್ಲಿ ಮರಳಿ ಬಂದವು. ಈ ಎರಡು ಅನಾಮಿಕತೆಗಳು ಸಮಾನವಲ್ಲ.

ಜಾನಪದಕ್ಕೆ ಕರ್ತೃವೇ ಇಲ್ಲ, ಅದು ಸಮೂಹದ ಸೃಷ್ಟಿ ಎಂಬ ಉತ್ತರ ಕೂಡಲೇ ಬರುತ್ತದೆ. ತ್ರಿಪದಿಯ ವಿಷಯದಲ್ಲಿ ಈ ಮಾತನ್ನು ಅರ್ಧಕ್ಕಿಂತ ಹೆಚ್ಚು ಒಪ್ಪಲು ನಾವು ಸಿದ್ಧರಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ (ಸು. 700) ತೊಡಗಿ ಬಾಳಿ ಬಂದ ಛಂದಸ್ಸು ಎಲ್ಲರದು ನಿಜ. ಆದರೆ ಆ ಮೂರು ಸಾಲುಗಳ ಅಂಶಗಣದ ಚೌಕಟ್ಟಿನೊಳಗೆ ಅಂದಿನ ಬೆಳಗಿನ ಸಂಕಟವನ್ನು ಕೂಡಿಸುವವಳು ಒಬ್ಬಳೇ. ಒಂದು ಪದವನ್ನು ಬದಲಿಸಿ ಅಣ್ಣನ ಮೇಲಿನ ಮುನಿಸನ್ನು ಹೊಗಳಿಕೆಯೊಳಗೆ ಅಡಗಿಸುವ ಜಾಣ್ಮೆ ಸಮೂಹದ್ದಲ್ಲ, ವ್ಯಕ್ತಿಯದು.

ಇಲ್ಲಿ ವಚನಗಳ ಹಸ್ತಪ್ರತಿ ಪರಂಪರೆ ನಮಗೆ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದ ಶರಣೆಯರ ಮಾತುಗಳು ಹದಿನೈದನೆಯ ಶತಮಾನದ ಮತ್ತು ಆನಂತರದ ಸಂಕಲನಕಾರರ ಕೈಗೆ ಬಂದಾಗ ಅಂಕಿತಗಳೊಡನೆ ಬಂದವು. ಶೂನ್ಯಸಂಪಾದನೆಗಳನ್ನು ಕಟ್ಟಿದವರು ಅಲ್ಲಮನನ್ನು ನಡುವೆ ಇರಿಸಿ, ತಮ್ಮ ಉದ್ದೇಶಕ್ಕೆ ತಕ್ಕಂತೆ ವಚನಗಳ ಕ್ರಮವನ್ನು ಹೊಂದಿಸಿಕೊಂಡರು. ಆದರೆ ಮಾತು ಯಾರದೆಂಬುದನ್ನು ಅಳಿಸಲಿಲ್ಲ. ಅಕ್ಕಿ ಆಯುತ್ತಿದ್ದ ಕುಟುಂಬದ ಹೆಂಗಸಿನ ಹೆಸರನ್ನು ಮಠದ ಓಲೆಗರಿಗಳು ಉಳಿಸಿದವು, ಆಧುನಿಕ ಕಾಲದ ಮುದ್ರಣ ಉಳಿಸಲಿಲ್ಲ ಎಂಬುದು ವಿಚಿತ್ರ.

‘ಗರತಿ’ ಎಂಬ ಪದವನ್ನೂ ನೋಡಬೇಕು. ಅದು ಹಾಡಿದವಳು ತನಗೆ ಇಟ್ಟುಕೊಂಡ ಹೆಸರೆನ್ನುವುದಕ್ಕಿಂತ ಅವಳಲ್ಲಿ ಸಂಗ್ರಾಹಕರು ಕಾಣಬಯಸಿದ ಆದರ್ಶದ ಹೆಸರು. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಹಳ್ಳಿಯ ಹೆಣ್ಣನ್ನು ನಾಡಿನ ಶೀಲದ ಪ್ರತೀಕವಾಗಿ ಕಂಡದ್ದು ಸಹಜವೇ. ಆದರೆ ಇಂಥ ಶೀರ್ಷಿಕೆ ಒಂದು ಜರಡಿಯಾಗಿಯೂ ಕೆಲಸ ಮಾಡುತ್ತದೆ: ಬೀಸುವ ಕಲ್ಲಿನ ಮುಂದೆ ಹುಟ್ಟುವ ಬೈಗುಳು, ಪೋಲಿತನ, ಗಂಡನ ಮೇಲಿನ ನೇರ ಕೋಪ ಇವು ಅದರೊಳಗೆ ಸಲೀಸಾಗಿ ಇಳಿಯಲಾರವು. ಬಿ. ಎಂ. ಶ್ರೀಕಂಠಯ್ಯನವರ ಪ್ರಸಿದ್ಧವಾದ ಬೇರು–ಹೂವುಗಳ ರೂಪಕವೂ ಇದಕ್ಕೆ ನೆರವಾಯಿತೆಂದು ನಮ್ಮ ಅಭಿಪ್ರಾಯ. ಜನಪದರನ್ನು ಬೇರೆಂದು ಗೌರವಿಸಿದ ಮೇಲೆ ಬೇರಿಗೆ ಹೆಸರೇಕೆ ಎಂದು ಯಾರೂ ಕೇಳಲಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ, ಮುಖ್ಯವಾಗಿ ಪುಣೆ, ಸೊಲ್ಲಾಪುರಗಳ ಕನ್ನಡಿಗರಿಗೆ, ಈ ಪ್ರಶ್ನೆ ಮತ್ತೊಂದು ದಾರಿಯಿಂದಲೂ ಎದುರಾಗುತ್ತದೆ. ಹಲಸಂಗಿ ಭೀಮಾ ತೀರದ ಸೀಮೆಯದು. ಆ ಸೀಮೆಯ ಸಂತೆ, ವ್ಯಾಪಾರ, ನೆಂಟಸ್ತಿಕೆಗಳು ಸೊಲ್ಲಾಪುರದ ಕಡೆಗೂ ಹರಡಿವೆ. ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ (ಸು. 1130) ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನು ಹೆಸರಿಸಿದ್ದಾನೆ. ನಮ್ಮ ತ್ರಿಪದಿಯೂ ಮರಾಠಿಯ ಓವಿಯೂ ಒಂದೇ ಕಲ್ಲಿನ ಎರಡು ಹಾಡುಗಳು. ಆ ಓವಿಗಳನ್ನು ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್‌ವ್ಯಾಂ ಅವರು ತಮ್ಮ ಸಂಗಡಿಗರೊಡನೆ ಮಹಾರಾಷ್ಟ್ರದ ನೂರಾರು ಹಳ್ಳಿಗಳಲ್ಲಿ ಸಂಗ್ರಹಿಸಿದರು. ಲಕ್ಷಕ್ಕೂ ಮಿಕ್ಕ ಆ ಹಾಡುಗಳಲ್ಲಿ ಹಾಡಿದವಳ ಹೆಸರನ್ನೂ ಅವಳ ಊರನ್ನೂ ದಾಖಲಿಸುವುದು ಕ್ರಮವಾಯಿತು. ಅವರಿಗೆ ಧ್ವನಿಮುದ್ರಣದ ಸೌಕರ್ಯವಿತ್ತು, ಸಾಮಾಜಿಕ ಚಳವಳಿಗಳ ಹಿನ್ನೆಲೆಯಿತ್ತು. 1931ರ ಹಳ್ಳಿಯ ಗೆಳೆಯರೊಡನೆ ಅವರನ್ನು ಸರಿದೂಗಿಸುವುದು ನ್ಯಾಯವಲ್ಲ. ನಮ್ಮ ಆಕ್ಷೇಪವಿರುವುದು ಗೆಳೆಯರ ಮೇಲಲ್ಲ. ಅವರ ಸಂಕಲನವನ್ನು ಮುಗಿದ ಗ್ರಂಥವೆಂದು ಪೂಜಿಸುತ್ತ ಬಂದ ನಮ್ಮ ತಲೆಮಾರುಗಳ ಮೇಲೆ.

ಶತಮಾನೋತ್ಸವಕ್ಕೆ ಇನ್ನೊಂದು ಮರುಮುದ್ರಣ, ಇನ್ನೊಂದು ಅಭಿನಂದನ ಸಂಪುಟ ಸಾಲದು. ಮೊದಲು, ಬಳಗದವರ ಕೈಬರಹದ ಕಟ್ಟುಗಳು ಮನೆತನಗಳಲ್ಲಿ ಉಳಿದಿದ್ದರೆ ಅವನ್ನು ಹುಡುಕಿ, ಅಚ್ಚಾದ ಪಾಠದೊಡನೆ ಹೋಲಿಸಬೇಕು. ಯಾವ ಪದ್ಯ ಕೈಬಿಟ್ಟುಹೋಯಿತು, ಯಾವ ಮಾತು ತಿದ್ದಲ್ಪಟ್ಟಿತು ಎಂಬುದು ಅಲ್ಲಿ ತಿಳಿದೀತು. ಎರಡನೆಯದು ಹೆಚ್ಚು ತುರ್ತಿನದು. 1931ರಲ್ಲಿ ಇಪ್ಪತ್ತರ ಸೊಸೆಯಾಗಿದ್ದವಳು ಇಂದು ಇರಲಾರಳು. ಬೀಸುವ ಕಲ್ಲು ಗಿರಣಿಗೆ ಸೋತು ಹಿತ್ತಿಲು ಸೇರಿ ಬಹಳ ಕಾಲವಾಯಿತು. ಆದರೆ ಅಜ್ಜಿಯ ಬಾಯಿಂದ ಕೇಳಿದ ಪದವನ್ನು, ಅಜ್ಜಿಯ ಹೆಸರಿನೊಡನೆ, ಹೇಳಬಲ್ಲ ಮೊಮ್ಮಕ್ಕಳು ಹಲಸಂಗಿ, ಚಡಚಣ, ಇಂಡಿ, ಸೊಲ್ಲಾಪುರಗಳಲ್ಲಿ ಇನ್ನೂ ಇದ್ದಾರು. ಅವರಿಗೂ ಈಗ ಅರವತ್ತು ಎಪ್ಪತ್ತರ ವಯಸ್ಸು. ಸಂಕಲನದ ಒಂದೊಂದು ತ್ರಿಪದಿಯನ್ನೂ ಅವರ ಮುಂದೆ ಓದಿ, ‘ಇದನ್ನು ನಿಮ್ಮ ಮನೆಯಲ್ಲಿ ಯಾರು ಹಾಡುತ್ತಿದ್ದರು?’ ಎಂದು ಕೇಳಿ, ಸಿಕ್ಕ ಹೆಸರನ್ನು ಪದ್ಯದ ಕೆಳಗೆ ಬರೆಯುವ ಕೆಲಸಕ್ಕೆ ಇಬ್ಬರು ಸಂಶೋಧಕರೂ ಎರಡು ವರ್ಷಗಳೂ ಸಾಕು.