ಡಂಗುರದವನ ಬೆಳ್ಳಿ

ನಾಲವಾರದ ಕೋರಿಸಿದ್ಧೇಶ್ವರ ಜಾತ್ರೆಯಲ್ಲಿ ನೆರೆದ ಜನ ಆರತಿ ಬೆಳಗುವ ತನಾರತಿಯನ್ನು ಉಗುರಿನಷ್ಟು ಜಾಗದಲ್ಲಿ ಬರೆಯಿರಿ ಎಂದರೆ ಏನು ಬರೆಯುತ್ತೀರಿ? ಅಷ್ಟೊಂದು ಜನ ಹಿಡಿಸುವುದಿಲ್ಲ. ಒಂದು ಆರತಿಯನ್ನಷ್ಟೇ ಬರೆಯಬೇಕು. ರೋಮಿನ ಟಂಕಸಾಲೆಯವರ ಕಷ್ಟವೂ ಇದೇ. ಅವರ ಬೆಳ್ಳಿ ನಾಣ್ಯ ಡಿನೇರಿಯಸ್ ನಮ್ಮ ಹಳೆಯ ನಾಲ್ಕಾಣೆಯಷ್ಟೇ ಅಗಲ, ತೂಕ 4 ಗ್ರಾಂಗಿಂತ ತುಸು ಕಡಿಮೆ. ಹಾಗಾಗಿ ಉತ್ಸವದ ನಾಣ್ಯ ಕೈಗೆ ಬಂದಾಗ, ಅವರು ಯಾವುದೊಂದನ್ನು ಆರಿಸಿಕೊಂಡರು ಎಂಬುದನ್ನು ಮೊದಲು ನೋಡಿ.

ಕ್ರಿ.ಪೂ. 17ರಲ್ಲಿ ಚಕ್ರವರ್ತಿ ಆಗಸ್ಟಸ್ ಯುಗೋತ್ಸವ ನಡೆಸಿದ. ಆಗಿನ ಒಂದು ಡಿನೇರಿಯಸ್ ಮೇಲೆ ಬಲಿಪೀಠವಿಲ್ಲ, ಆಟವಿಲ್ಲ, ಜನವಿಲ್ಲ. ಎರಡು ಗರಿಯ ಶಿರಸ್ತ್ರಾಣ ತೊಟ್ಟು, ದಂಡ, ಗುರಾಣಿ ಹಿಡಿದು ನಿಂತ ಸಾರುವವನಿದ್ದಾನೆ. ನಮ್ಮೂರ ಮಾತಿನಲ್ಲಿ ಡಂಗುರದವ. ಉತ್ಸವ ಇನ್ನೂ ಶುರುವಾಗಿಲ್ಲ, ಕರೆ ಬಂದಿದೆ. ಇದಕ್ಕಿಂತ ಚೆಲುವಾದ ಆಯ್ಕೆಯನ್ನು ನಾನು ಬೇರೆ ಯಾವ ನಾಣ್ಯದಲ್ಲೂ ಕಂಡಿಲ್ಲ. ಕ್ರಿ.ಶ. 248ರಲ್ಲಿ ರೋಮಿಗೆ ಸಾವಿರ ವರ್ಷ ತುಂಬಿದಾಗ ಚಕ್ರವರ್ತಿ ಫಿಲಿಪ್ ಅಖಾಡದ ಪ್ರಾಣಿಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದ: ಸಿಂಹ, ಜಿಂಕೆ, ರಾಣಿಯ ಹೆಸರಿನಲ್ಲಿ ನೀರಾನೆ. ಸಂಗ್ರಾಹಕರು ಇವುಗಳ ಸಾಲು ಪೂರ್ತಿ ಮಾಡಲು ಹಾತೊರೆಯುತ್ತಾರೆ.

ಇಂಥ ಹಳೆಯ ನಾಣ್ಯ ಕೈಗೆ ಬಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕಪ್ಪಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು, ಭೂತಗನ್ನಡಿಯಲ್ಲಿ ನಿಧಾನವಾಗಿ ತಿರುಗಿಸಿ. ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಾಲವಾರ ಸ್ಟೇಷನ್ನಿನಲ್ಲಿ ಇಳಿದೇ ಜನ ಭೀಮಾತೀರದ ಸನ್ನತಿಗೆ ಹೋಗುತ್ತಾರೆ. ಅಲ್ಲಿಯ ಹೊಲದಲ್ಲಿ ಶಾತವಾಹನರ ಸೀಸದ ನಾಣ್ಯ ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ. ಯಾವ ಮಡಕೆಯಲ್ಲಿ, ಯಾವ ಮಣ್ಣಿನ ಪದರದಲ್ಲಿತ್ತು ಎಂಬುದು ತಪ್ಪಿದರೆ ನಾಣ್ಯದ ಅರ್ಧ ಮಾತು ಅಲ್ಲೇ ಸತ್ತಂತೆ. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ, ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ರೋಮಿನ ಬೆಳ್ಳಿ ನಮ್ಮ ನಾಡಿಗೂ ಬಂದಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ನಾಣ್ಯ ಸಿಕ್ಕವು. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಅಚ್ಚೂ ಸಂಭ್ರಮದ್ದೇ. ಆಗಸ್ಟಸ್ ದತ್ತು ಪಡೆದ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ ಪ್ರಾಯಕ್ಕೆ ಬಂದಾಗ ರೋಮಿನ ಅಶ್ವಾರೋಹಿ ವರ್ಗದವರು ಅವರಿಗೆ ಬೆಳ್ಳಿಯ ಗುರಾಣಿ, ಈಟಿ ಕೊಟ್ಟು ಮನ್ನಿಸಿದರು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ನಾಣ್ಯದಲ್ಲಿ ಇಬ್ಬರೂ ಉಡುಗೊರೆಯ ಗುರಾಣಿಗಳ ಮೇಲೆ ಕೈಯಿಟ್ಟು ಇನ್ನೂ ನಿಂತಿದ್ದಾರೆ.